ಸುಟ್ಟ ಗರ

ಒಂದು ನಡಿಗೆಗೆ ಅರವತ್ತು ಗರ. ಒಂದು ಗರಕ್ಕೆ ಆರು ಸೆಕೆಂಡು: ಕವಡೆ ಬಳಿದುಕೊಳ್ಳಲು ಎರಡು, ಕುಲುಕಲು ಎರಡು, ಎಸೆದು ಎಣಿಸಲು ಎರಡು. ಅಲ್ಲಿಗೆ ಒಂದು ನಡಿಗೆಗೆ ಆರು ನಿಮಿಷ, ಇಬ್ಬರು ಹೆಂಗಸರು. ಒಬ್ಬಳು ಎಸೆಯಬೇಕು, ಇನ್ನೊಬ್ಬಳು ಬಿದ್ದದ್ದನ್ನು ನೋಡಿ ಗುಂಡಿ ಒತ್ತಬೇಕು. ಹತ್ತು ನಡಿಗೆಗೊಮ್ಮೆ ಅದಲುಬದಲಾಗಬೇಕು, ಇಲ್ಲದಿದ್ದರೆ ಭುಜ ಹಿಡಿಯುತ್ತದೆ. ಹೊಸ ಕವಡೆ ನಲವತ್ತು ದಿನ ಬಾಳುತ್ತದೆ, ಆಮೇಲೆ ಬೆನ್ನು ಸವೆದು ಒಂದೇ ಕಡೆ ವಾಲುತ್ತದೆ. ಹೊಸ ಭುಜ ಎಂಟು ತಿಂಗಳು ಬಾಳುತ್ತದೆ, ಆಮೇಲೆ ಹರಳೆಣ್ಣೆ ಮತ್ತು ಬಿಸಿನೀರಿನ ಶಾಖ. ಕವಡೆಯನ್ನು ಬದಲಾಯಿಸಿ ಕೊಡುತ್ತಿದ್ದರು. ಭುಜ ಬದಲಾಯಿಸಿ ಕೊಡುವವರು ಇರಲಿಲ್ಲ.

ಇಷ್ಟೆಲ್ಲ ಖರ್ಚಾಗಿ ಇಪ್ಪತ್ತನಾಲ್ಕು ಹಾಸುಗಳ ಮೇಲೆ ದಿನಕ್ಕೆ ಸಾವಿರದ ನಾನೂರು ನಡಿಗೆ ನಡೆದರೆ, ತಿಂಗಳಿಗೆ ಎರಡೋ ಮೂರೋ ನಡಿಗೆ ಗೆರೆ ಮುಟ್ಟುತ್ತಿದ್ದವು. ಮುಟ್ಟಿದ ದಿನ ಎಲ್ಲರ ಬಾಯಿಗೂ ಒಂದೊಂದು ಚೂರು ಬೆಲ್ಲ. ಬೆಲ್ಲ ನಮ್ಮದೇ, ಸಂಸ್ಥೆಯದಲ್ಲ.

ನಾನು ಚಿಕ್ಕತಾಯಮ್ಮ. ಕೊಳ್ಳೇಗಾಲದ ರೇಷ್ಮೆ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಕುದಿನೀರಿನ ಗೂಡಿನಿಂದ ಎಳೆ ತೆಗೆದವಳು. ಶೆಡ್ಡು ಮುಚ್ಚಿ ಪಾಳು ಬಿದ್ದ ಮೇಲೆ ಸಂಸ್ಥೆಯವರು ಬಂದು ಅದಕ್ಕೇ ಸುಣ್ಣ ಬಳಿಸಿ ಕವಡೆ ಮನೆ ಮಾಡಿದರು. ಹಳೆಯ ಕೆಲಸದವರನ್ನೇ ಕರೆದರು, ನನ್ನನ್ನು ಮೇಸ್ತ್ರಿ ಮಾಡಿದರು. ಎಳೆ ಬಿಚ್ಚಿದ ಕೈಗೆ ಒಂದು ಲಯ ಇರುತ್ತದೆ, ಅದು ಅವರಿಗೆ ಬೇಕಾಗಿತ್ತು.

ಕೈಯಿಂದ ಎಸೆಯುವ ಕಾಲ ಏಕೆ ಬಂತೆಂದರೆ, ಯಂತ್ರಗಳು ಕೊಡುತ್ತಿದ್ದ ಅಡ್ಡಾದಿಡ್ಡಿ ಸಂಖ್ಯೆಗಳು ನಿಜಕ್ಕೂ ಅಡ್ಡಾದಿಡ್ಡಿಯಾಗಿರಲಿಲ್ಲ ಎಂದು ಹೊರಬಿದ್ದಿತ್ತು. ಆ ಯಂತ್ರಗಳ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಮಾಡಿದವರು ಒಳಗೊಂದು ಕಾವಲು ಇಟ್ಟಿದ್ದರಂತೆ: ಒಂದೇ ಅಂಕಿ ಸಾಲಾಗಿ ಬಂದರೆ ಯಂತ್ರ ಕೆಟ್ಟಿದೆಯೆಂದು ತಿಳಿದು ಆ ಸಾಲನ್ನು ಎಸೆದುಬಿಡುವುದು. ಸಾಲಾಗಿ ಬರುವುದೂ ಅದೃಷ್ಟದ ಗುಣವೇ ಎಂಬುದನ್ನು ಮರೆತಿದ್ದರು. ಹೀಗೆ ಮೂವತ್ತು ವರ್ಷದ ಲೆಕ್ಕಗಳು ಕೆಟ್ಟಿದ್ದವು. ಔಷಧಿಯ ಪರೀಕ್ಷೆ, ನೆರೆಯ ಅಂದಾಜು, ಸೇತುವೆಯ ಬಲ, ಎಲ್ಲ. ಹೊಸ ಚಿಪ್ಪು ಬರುವವರೆಗೆ ಮನುಷ್ಯರ ಕೈ ಎಸೆದದ್ದನ್ನೇ ನಂಬುವುದೆಂದು ಸರ್ಕಾರಗಳು ಗೊತ್ತು ಮಾಡಿದವು. ಬೇರೆ ಕಡೆ ದಾಳ, ನಾಣ್ಯ. ನಮ್ಮಲ್ಲಿ ಕವಡೆ. ಇಂಥ ಮನೆಗಳಲ್ಲಿ ಕೆಲಸ ಮಾಡಿದವರಿಗೆ ಕೊನೆಗೊಂದು ಕೈಶುದ್ಧಿ ಪತ್ರ ಕೊಡುತ್ತಿದ್ದರು. ಅದಿದ್ದರೆ ದೇಶದ ಯಾವ ಎಸೆತದ ಮನೆಯಲ್ಲೂ ಕೆಲಸ. ಅದಿಲ್ಲದವಳನ್ನು ಯಾರೂ ಒಳಗೆ ಬಿಡುವುದಿಲ್ಲ.

ನಾವು ಏನನ್ನು ಎಣಿಸುತ್ತಿದ್ದೇವೆ ಎಂದು ಮೊದಲ ದಿನ ಹೇಳಿಕೊಟ್ಟವಳು ಇಂಚರ. ಮೈಸೂರಿನ ಹುಡುಗಿ, ಇಪ್ಪತ್ತೊಂಬತ್ತು ವರ್ಷ. ಸಂಸ್ಥೆಯ ಮುಖ್ಯಸ್ಥರಾದ ಡಾಕ್ಟರ್ ಗೋಪಿನಾಥರ ಕೈಕೆಳಗೆ ಕವಡೆ ಮನೆಯ ಉಸ್ತುವಾರಿ ಅವಳದು. ಮೇಜಿನ ಮೇಲೆ ಮೂರು ಜರಡಿ ಇಟ್ಟುಕೊಂಡು ವಿವರಿಸಿದಳು. ವಿಶ್ವ ಹುಟ್ಟಿ ಒಂದು ಸೆಕೆಂಡೂ ಆಗಿಲ್ಲದಾಗ ನಕ್ಷತ್ರವಿಲ್ಲ, ನೆಲವಿಲ್ಲ, ಎಲ್ಲ ಕಡೆ ಬೆಳಕಿನ ಗಂಜಿ. ಗಂಜಿ ಕೆಲವು ಕಡೆ ಗಟ್ಟಿ, ಕೆಲವು ಕಡೆ ತೆಳು. ಒಂದು ಜಾಗವನ್ನು ದೊಡ್ಡ ಕಣ್ಣಿನ ಜರಡಿಯಲ್ಲಿ ನೋಡಿದರೆ ಸಮನಾಗಿ ಕಾಣುತ್ತದೆ. ಕಣ್ಣು ಕಿರಿದಾಗುತ್ತ ಹೋದಂತೆ ಒಂದೊಂದು ಜರಡಿಗೂ ಒಂದಿಷ್ಟು ಗಟ್ಟಿಯೋ ಒಂದಿಷ್ಟು ತೆಳುವೋ ಸೇರಿಕೊಳ್ಳುತ್ತದೆ. ಎಷ್ಟು ಎಂಬುದು ಗರ ಬಿದ್ದ ಹಾಗೆ.

ಆದ್ದರಿಂದ ಅರವತ್ತು ಜರಡಿಗೆ ಅರವತ್ತು ಗರ. ಮೂರು ಕವಡೆ ಬಾಯಿ ಮೇಲಾದರೆ ನಡಿಗೆ ಒಂದು ಮೆಟ್ಟಿಲು ಮೇಲೆ, ನಾಲ್ಕೂ ಮೇಲಾದರೆ ಎರಡು. ಎರಡಕ್ಕೆ ಇದ್ದಲ್ಲೇ. ಒಂದಕ್ಕೆ ಒಂದು ಕೆಳಗೆ, ಒಂದೂ ಇಲ್ಲದಿದ್ದರೆ ಎರಡು ಕೆಳಗೆ. ಅರವತ್ತನೆಯ ಮೆಟ್ಟಿಲೇ ಗೆರೆ. ಅದನ್ನು ಮುಟ್ಟಿದ ಜಾಗ ತನ್ನ ಭಾರಕ್ಕೆ ತಾನೇ ಕುಸಿದು ಕಪ್ಪುಕುಳಿಯಾಯಿತೆಂದು ಲೆಕ್ಕ. ಎಷ್ಟನೆಯ ಜರಡಿಯಲ್ಲಿ ಮುಟ್ಟಿತು ಎಂಬುದರಿಂದ ಕುಳಿಯ ತೂಕ ತಿಳಿಯುತ್ತದೆ. ತಡವಾಗಿ ಮುಟ್ಟಿದ್ದು ಬೆಟ್ಟದಷ್ಟು ತೂಕವಿದ್ದರೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ಸೊನ್ನೆಯಿಂದ ಹೊರಟರೆ ನಮ್ಮ ಜನ್ಮದಲ್ಲಿ ಒಂದೂ ಮುಟ್ಟುವುದಿಲ್ಲ. ಅದಕ್ಕೇ ಇಪ್ಪತ್ತನೆಯ ಮೆಟ್ಟಿಲು ಏರಿದ ನಡಿಗೆಯನ್ನು ಹತ್ತು ಹಾಸುಗಳಿಗೆ ಹಂಚಿ ಅಲ್ಲಿಂದ ಮುಂದುವರಿಸುವುದು, ನಲವತ್ತು ಏರಿದ್ದನ್ನು ಮತ್ತೆ ಹಂಚುವುದು. ಒಳ್ಳೆಯ ಮೊಸರಿನಿಂದ ಹತ್ತು ಕುಡಿಕೆಗೆ ಹೆಪ್ಪು ಹಾಕಿದ ಹಾಗೆ. ಹೀಗೆ ದಾಟಿದವು ಸಾಕಷ್ಟಿದ್ದರೆ, ಅಂಥ ಕುಳಿಗಳು ಈಗಲೂ ಆಕಾಶದಲ್ಲಿ ಅಲೆಯುತ್ತಿವೆ ಎಂದಾಗುತ್ತದೆ. ಆಗ ಅವನ್ನು ಹುಡುಕಲು ಒಂದು ಉಪಗ್ರಹ ಹಾರಿಸುತ್ತಾರೆ. ಇಲ್ಲದಿದ್ದರೆ ಇಲ್ಲ.

ನಿಯಮದ ಹಾಳೆಯಲ್ಲಿ ಒಂದು ಸಾಲು ಇತ್ತು: ಬಿದ್ದ ಗರವನ್ನೆಲ್ಲ ದಾಖಲಿಸಬೇಕು. ಓದಿ ಹೇಳಿದರು, ನಲವತ್ತೆಂಟು ಮಂದಿಯೂ ಸಹಿ ಹಾಕಿದೆವು.

ಇಂಚರ ಮರಡಿ ಗುಡ್ಡದ ಹತ್ತಿರ ಮಹಡಿಯ ಮೇಲೊಂದು ಕೋಣೆ ಹಿಡಿದಿದ್ದಳು. ಹೋಟೆಲಿನ ಊಟ ಹೊಟ್ಟೆಗೆ ಹಿಡಿಯದೆ ಒಂದು ತಿಂಗಳಲ್ಲಿ ಸೊರಗಿದಳು. ಭಾನುವಾರ ನಮ್ಮ ಮನೆಗೇ ಬರಲಿ ಎಂದೆ. ಹುರುಳಿಕಾಳಿನ ಬಸ್ಸಾರು, ಮುದ್ದೆ. ಮುದ್ದೆ ನುಂಗಲು ಬಾರದೆ ಅಗಿಯುತ್ತಿದ್ದವಳಿಗೆ ನಮ್ಮ ಯಜಮಾನರು ನುಂಗುವುದನ್ನು ಕಲಿಸಿದರು. ಅವರು ಪುಟ್ಟಮಾದಯ್ಯ, ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಯಾರಿಗಾದರೂ ಏನಾದರೂ ಕಲಿಸಲು ಸಿಕ್ಕರೆ ಅವರಿಗೆ ಹಬ್ಬ. ಊಟವಾದ ಮೇಲೆ ಚೌಕಾಬಾರದ ಮನೆ ಬರೆದು ಆಟಕ್ಕೆ ಕೂರಿಸಿದರು.

ಆಟದ ನಡುವೆ ನನಗೆ ನಾಲ್ಕು ಬಿತ್ತು. ನಾಲ್ಕು ಬಿದ್ದರೆ ಇನ್ನೊಂದು ಎಸೆತ, ಎಲ್ಲ ಮುಗಿದ ಮೇಲೆ ಒಟ್ಟಿಗೆ ಕಾಯಿ ನಡೆಸುವುದು. ಮತ್ತೆ ನಾಲ್ಕು. ಮತ್ತೂ ನಾಲ್ಕು. ನಾನು ಕವಡೆ ಬಳಿದು ಯಜಮಾನರ ಕೈಗೆ ಹಾಕಿದೆ.

ಇಂಚರ ಕೇಳಿದಳು, “ಯಾಕೆ ತಾಯಮ್ಮಕ್ಕ? ಅಷ್ಟು ಚೆನ್ನಾಗಿ ಬಿತ್ತಲ್ಲ.”

“ಸುಟ್ಟೋಯ್ತು ಕಣವ್ವ. ಸಾಲಾಗಿ ಮೂರು ನಾಕು ಬಿದ್ರೆ ಸುಟ್ಟಂಗೆ. ಅದು ಬಿದ್ದ ಲೆಕ್ಕವೇ ಅಲ್ಲ.”

“ಒಂದು ನಾಕು ಒಳ್ಳೇದು, ಎರಡು ನಾಕು ಇನ್ನೂ ಒಳ್ಳೇದು,” ಎಂದರು ಯಜಮಾನರು. “ಮೂರಾದ್ರೆ ದೇವ್ರೇ ಸಾಕು ಬುಡು ಅಂತಾನೆ.”

ಅವಳು ನಕ್ಕಳು. ಸ್ವಲ್ಪ ಹೊತ್ತಾದ ಮೇಲೆ, ಎದ್ದು ಹೊರಡುವಾಗ, ಕವಡೆ ಮನೆಯಲ್ಲೂ ಹೀಗೇ ಮಾಡುತ್ತೀರಾ ಎಂದು ಕೇಳಿದಳು. ಹೌದೆಂದೆ. ಚಿಕ್ಕಂದಿನಿಂದ ಕವಡೆ ಹಿಡಿದ ನಲವತ್ತೆಂಟು ಹೆಂಗಸರಲ್ಲಿ ಯಾರಿಗೂ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ಬಿದ್ದರೆ ಗುಂಡಿ ಒತ್ತುವವಳು ಕಾಯುತ್ತಿದ್ದಳು. ಸಾಲು ಎರಡಕ್ಕೇ ಮುರಿದರೆ ಎಲ್ಲವನ್ನೂ ಪಟಪಟನೆ ಒತ್ತುತ್ತಿದ್ದಳು. ಮೂರಾದರೆ ಒತ್ತುತ್ತಿರಲಿಲ್ಲ, ಹೊಸದಾಗಿ ಎಸೆತ. ಒಂದು ಹಾಸಿನ ಮೇಲೆ ಅದು ದಿನಕ್ಕೊಮ್ಮೆ ಬಿದ್ದರೆ ಹೆಚ್ಚು. ಒಂದೂ ಬಾಯಿ ಮೇಲಾಗದೆ ಎಂಟು ಬಿದ್ದರೆ ನಮ್ಮ ಕಡೆ ಈ ಕಟ್ಟಿಲ್ಲ.

ಅವಳ ಮುಖ ನೋಡಿ ನನಗೆ ಅನುಮಾನವಾಯಿತು. “ತಪ್ಪಾಯ್ತೇನವ್ವ? ತಪ್ಪಾಗಿದ್ರೆ ನಾಳೆಯಿಂದ್ಲೇ ನಿಲ್ಲುಸ್ತೀನಿ.”

ಚಪ್ಪಲಿ ಹಾಕಿಕೊಳ್ಳುತ್ತ ಅವಳು ಹೇಳಿದ್ದು ಇಷ್ಟು: “ತಪ್ಪೇನಿಲ್ಲ. ಮಾಡ್ತಿರೋ ಹಾಗೇ ಮಾಡಿ. ಇದನ್ನ ಬೇರೆ ಯಾರ ಹತ್ರಾನೂ ಹೇಳೋಕೆ ಹೋಗ್ಬೇಡಿ, ಗೋಪಿನಾಥ್ ಸರ್‌ಗೆ ಕೂಡ. ಸುಮ್ನೆ ಗಾಬರಿ ಆಗ್ತಾರೆ.”

ಓದಿದವಳು, ಸರಿಯೆಂದಳು. ನಾನು ಹೇಳಲಿಲ್ಲ.

ಅದಾದ ಎಂಟನೆಯ ದಿನ ಕವಡೆ ಮನೆಗೆ ಹೊಸ ಗುಂಡಿ ಪೆಟ್ಟಿಗೆಗಳು ಬಂದವು. ಹಳೆಯವು ಬರೀ ಎಣಿಸುತ್ತಿದ್ದವು, ಇವುಗಳ ಒಳಗೆ ಗಡಿಯಾರ ಇತ್ತು. ಯಾವ ಗುಂಡಿ ಯಾವ ಸೆಕೆಂಡಿಗೆ ಒತ್ತಿದರು ಎಂಬುದೂ ದಾಖಲಾಗುತ್ತಿತ್ತು. ನಮ್ಮ ದಣಿವು ತಿಳಿಯಲು ಎಂದು ಇಂಚರ ಹೇಳಿದಳು. ಅದನ್ನು ನೋಡಿಯೇ ಮಧ್ಯಾಹ್ನ ಹತ್ತು ನಿಮಿಷ ಹೆಚ್ಚು ಬಿಡುವು ಕೊಡಿಸಿದಳು. ಜರೀನಾ ಅಂದಳು, ಗಡಿಯಾರ ನಮ್ಮ ಕಡೆಗೆ ನಿಂತದ್ದು ಇದೇ ಮೊದಲು ಎಂದು. ರೇಷ್ಮೆ ಶೆಡ್ಡಿನ ಕಾಲದಿಂದ ನನ್ನ ಪಕ್ಕದಲ್ಲೇ ಕೂತವಳು ಜರೀನಾ. ಅವಳ ಎಸೆತ ಎಷ್ಟು ಲಯಬದ್ಧವೆಂದರೆ ಅವಳ ಕವಡೆಯ ಸದ್ದಿಗೆ ಬೇರೆ ಹಾಸಿನವರು ತಮ್ಮ ಕೈ ಹೊಂದಿಸಿಕೊಳ್ಳುತ್ತಿದ್ದರು.

ನಾಲ್ಕು ವರ್ಷ ಎಸೆದೆವು. ಕೊನೆಗೆ ಗೋಪಿನಾಥರ ಹೆಸರಿನಲ್ಲಿ ಫಲಿತಾಂಶ ಪ್ರಕಟವಾಯಿತು: ಕಪ್ಪುಕುಳಿಗಳು ಆಗಿರಬಹುದು, ಆದರೆ ಬಹಳ ಕಡಿಮೆ, ಹುಡುಕುವುದು ದಂಡ. ಉಪಗ್ರಹದ ಯೋಜನೆ ಬಿಟ್ಟರು. ನಮಗೆ ಸ್ವಲ್ಪ ಬೇಸರವಾಯಿತು. ಅಷ್ಟು ಎಸೆದ ಮೇಲೆ ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು ಎನಿಸುತ್ತದಲ್ಲ.

ಅದೇ ತಿಂಗಳು ಇಂಚರ ಉತ್ತರದ ಒಂದು ದೊಡ್ಡ ಸಂಸ್ಥೆಗೆ ಹೋದಳು. ನಲವತ್ತೆಂಟು ಮಂದಿ ಸೇರಿ ಕೊಳ್ಳೇಗಾಲದ್ದೇ ಒಂದು ಸೀರೆ ಕೊಟ್ಟೆವು, ಬಣ್ಣ ಆರಿಸಿದ್ದು ಜರೀನಾ. ಇಂಚರ ನನ್ನ ಕಾಲು ಮುಟ್ಟಿದಳು. ನಾನು ಅತ್ತುಬಿಟ್ಟೆ. ಅವಳೂ ಅತ್ತಳು. ಸುಳ್ಳು ಅಳು ಎಂದು ಈಗಲೂ ನಾನು ಹೇಳುವುದಿಲ್ಲ.

ಏಳು ತಿಂಗಳಾದ ಮೇಲೆ ಅವಳ ಲೇಖನ ಬಂತು. ಗೋಪಿನಾಥರ ಫಲಿತಾಂಶ ತಪ್ಪು, ಕುಳಿಗಳ ಸಂಖ್ಯೆ ಅವರು ಹೇಳಿದ್ದಕ್ಕಿಂತ ನಾಲ್ಕು ಪಟ್ಟು. ಕೆಲಸದ ಹೆಂಗಸರು ಸಾಲಾಗಿ ಬಿದ್ದ ಮೂರು ನಾಲ್ಕುಗಳನ್ನು ದಾಖಲಿಸದೆ ಬಿಟ್ಟಿದ್ದರು. ದಾಖಲೆಯನ್ನು ಕೂಲಂಕಷವಾಗಿ ಪರಿಶೀಲಿಸುವಾಗ ಇದು ಲೇಖಕಿಯ ಗಮನಕ್ಕೆ ಬಂತು. ಕಳೆದುಹೋದ ಗರಗಳನ್ನು ಗುಂಡಿಗಳ ನಡುವಿನ ಮೌನದಿಂದ ಮರಳಿ ಪಡೆಯಲಾಗಿದೆ. ಅಡ್ಡಾದಿಡ್ಡಿ ನಡಿಗೆ ಅಷ್ಟು ಮೇಲೆ ಏರಬೇಕಾದರೆ ಸಾಲಾಗಿ ಒಳ್ಳೆಯ ಗರ ಬೀಳಲೇಬೇಕು. ಗೆರೆ ಮುಟ್ಟಬೇಕಾದ ನಡಿಗೆಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಮೂರು ನಾಲ್ಕುಗಳ ಸಾಲು ಇತ್ತಂತೆ. ಅವನ್ನೆಲ್ಲ ನಾವು ಸುಟ್ಟಿದ್ದೆವು. ಚಿಪ್ಪು ಮಾಡಿದ ತಪ್ಪಿಗೆ ನಮ್ಮನ್ನು ಕರೆತಂದರು, ನಾವೂ ಅದೇ ತಪ್ಪು ಮಾಡಿದೆವು.

ಉಪಗ್ರಹಕ್ಕೆ ಮತ್ತೆ ಒಪ್ಪಿಗೆ ಸಿಕ್ಕಿತು, ಅವಳ ಹೆಸರಿನಲ್ಲಿ. ಪತ್ರಿಕೆಗಳಲ್ಲಿ ಬಂದದ್ದು ಬೇರೆ: ಕವಡೆ ಮನೆಯಲ್ಲಿ ಕಳ್ಳಾಟ. ಒಬ್ಬರಂತೂ, ಬೇಗ ಮನೆಗೆ ಹೋಗುವ ಆಸೆಗೆ ಹೆಂಗಸರು ಗರ ನುಂಗಿದರು ಎಂದು ಬರೆದರು. ಮೂರು ಗರ ಸುಟ್ಟರೆ ಮತ್ತೆ ಮೂರು ಎಸೆಯಬೇಕು, ಮನೆಗೆ ಹೋಗುವುದು ತಡವೇ ಆಗುತ್ತದೆ. ಅಷ್ಟನ್ನೂ ಯೋಚಿಸಲಿಲ್ಲ.

ಕವಡೆ ಮನೆ ಮುಚ್ಚಿತು. ಕೈಶುದ್ಧಿ ಪತ್ರಗಳನ್ನು ತಡೆಹಿಡಿದರು. ಮೈಸೂರಿನಲ್ಲಿ ಔಷಧಿ ಪರೀಕ್ಷೆಯ ಎಸೆತದ ಮನೆಗೆ ಆಯ್ಕೆಯಾಗಿದ್ದ ಜರೀನಾಳಿಗೆ ಬರಬೇಡಿ ಎಂದು ಕಾಗದ ಬಂತು. ಅವಳು ಅದನ್ನು ಹಿಡಿದು ನಮ್ಮ ಮನೆಗೆ ಬಂದಳು. ಅವಳ ಹಿಂದೆ ಹತ್ತಿಪ್ಪತ್ತು ಮಂದಿ ಅಂಗಳದಲ್ಲಿ ನಿಂತರು. ಸಂತೆಯಲ್ಲಿ ತರಕಾರಿಯವನು ತೂಕ ಹಾಕುವಾಗ ಇವರ ಮುಖ ನೋಡಿ ನಕ್ಕನಂತೆ. ಬಸ್ಸಿನಲ್ಲಿ ಯಾರೋ ಇವರು ಹತ್ತಿದ ಕೂಡಲೇ ಚೀಲ ಮಡಿಲಿಗೆ ಎಳೆದುಕೊಂಡರಂತೆ. ಒಬ್ಬೊಬ್ಬರದು ಒಂದೊಂದು.

ಜರೀನಾ ಕೂರಲಿಲ್ಲ. “ತಾಯಮ್ಮಕ್ಕ, ನಾನ್ ಕಳ್ಳಿನಾ?” ಎಂದಳು. “ನೀವ್ ಹೇಳಿ. ನೀವ್ ಹೌದು ಅಂದ್ರೆ ಒಪ್ಕೋತೀನಿ.”

ಅಲ್ಲವೆಂದೆ. ಆಮೇಲೆ ಆ ಭಾನುವಾರದ ಮಾತನ್ನು ಎಲ್ಲರ ಮುಂದೆ ಹೇಳಿದೆ. ನಾಲ್ಕೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದ ಮಾತು. ಹೇಳಿ ಮುಗಿಸಿದಾಗ ಅಂಗಳದಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ದುಂಡಮ್ಮ ಎಂಬಾಕೆ ಮಾತ್ರ ಅಂದಳು, “ಅವ್ಳು ತಿಂದ ಮುದ್ದೆ ಅವ್ಳಿಗೇ ಅರಗಿತು. ನಮ್ಗೆ ಅಜೀರ್ಣ.”

ನನಗೆ ಅರ್ಥವಾಗದೆ ಕಾಡಿದ್ದು ಒಂದೇ. ತಪ್ಪೆಂದು ತಿಳಿದ ದಿನವೇ ನಿಲ್ಲಿಸಿ ಎಂದಿದ್ದರೆ ನಿಲ್ಲಿಸುತ್ತಿದ್ದೆವು. ಏಕೆ ಮುಂದುವರಿಸಿದಳು? ಎರಡು ದಿನ ಅಡುಗೆ ಮಾಡುತ್ತ, ಪಾತ್ರೆ ಬೆಳಗುತ್ತ ಯೋಚಿಸಿದೆ. ನಿಲ್ಲಿಸಿದ್ದರೆ ಲೆಕ್ಕ ಸರಿಯಾಗಿ ಬರುತ್ತಿತ್ತು, ಗೋಪಿನಾಥರ ಹೆಸರಿಗೆ ಹೋಗುತ್ತಿತ್ತು. ನಿಲ್ಲಿಸದಿದ್ದರೆ ಗೋಪಿನಾಥರಿಗೆ ಸಿಗುವುದು ತಪ್ಪು ಲೆಕ್ಕ, ಅದರ ಒಳಗಿನ ಸರಿ ಲೆಕ್ಕ ಅವಳಿಗೆ ಮಾತ್ರ. ನಮ್ಮ ತಪ್ಪನ್ನು ಅವಳು ಬೀಗ ಮಾಡಿಕೊಂಡಳು. ಬೀಗದ ಕೈಯನ್ನು ನಾನೇ ಊಟದ ಜೊತೆ ಬಡಿಸಿದ್ದೆ.

ಇದನ್ನು ಯಜಮಾನರಿಗೆ ಹೇಳಿದೆ. ಇದರಿಂದ ಅವಳು ಕೆಟ್ಟವಳೆಂದಾಗುತ್ತದೆ, ನಾವು ಕಳ್ಳರಲ್ಲ ಎಂದು ಹೇಗಾಗುತ್ತದೆ ಎಂದು ಕೇಳಿದೆ.

“ನನ್ನ ಹತ್ರ ಒಂದು ವಾಚಿತ್ತಲ್ಲ,” ಎಂದರು ಅವರು, “ದಿನಾ ಐದು ನಿಮಿಷ ಹಿಂದೆ ಬೀಳೋದು. ಅದನ್ನ ಕಟ್ಕೊಂಡೇ ಹನ್ನೊಂದು ವರ್ಷ ಬಸ್ ಬಿಟ್ಟೆ. ಬೆಳಿಗ್ಗೆ ಎದ್ದು ಐದು ನಿಮಿಷ ಕೂಡುಸ್ಕೊಳೋದು, ಆಯ್ತು. ಆಮೇಲೊಂದು ತಗಂಡೆ. ಒಂದಿನ ಮುಂದೆ, ಒಂದಿನ ಹಿಂದೆ, ಅದರ ಮನಸ್ಸು ಬಂದಂಗೆ. ಅದನ್ನ ಮೂರೇ ದಿನಕ್ಕೆ ಬಿಸಾಕ್ದೆ.”

ವಿಚಾರಣೆ ಕವಡೆ ಮನೆಯಲ್ಲೇ ನಡೆಯಿತು. ಹೊರಗಿನಿಂದ ಮೂವರು ಬಂದಿದ್ದರು. ಅಧ್ಯಕ್ಷರು ಬಿಳಿ ಕೂದಲಿನ ಒಬ್ಬ ಹೆಂಗಸು, ಗಣಿತದ ಪ್ರಾಧ್ಯಾಪಕಿಯಾಗಿದ್ದವರಂತೆ. ಗೋಪಿನಾಥರು ಒಂದು ಪಕ್ಕ, ಇಂಚರ ಇನ್ನೊಂದು ಪಕ್ಕ. ಸ್ವಲ್ಪ ದಪ್ಪಗಾಗಿದ್ದಳು, ಮುಖದಲ್ಲಿ ಕಳೆ ಬಂದಿತ್ತು. ಒಳಗೆ ಬರುವಾಗ ನನ್ನನ್ನು ನೋಡಿ ತಲೆ ಬಾಗಿಸಿದಳು. ನಾವೆಲ್ಲ ಹಾಸು ತೆಗೆದ ಬರಿ ನೆಲದ ಮೇಲೆ ಕೂತಿದ್ದೆವು. ಕುರ್ಚಿ ತರುವಂತೆ ಅಧ್ಯಕ್ಷರು ಹೇಳಿ ಕಳಿಸಿದರೂ ನಲವತ್ತೆಂಟು ಕುರ್ಚಿ ಸಿಗಲಿಲ್ಲ.

ಮೊದಲು ಗೋಪಿನಾಥರು ಮಾತಾಡಿದರು. ಲಿಖಿತ ನಿಯಮವನ್ನು ಮುರಿದದ್ದು ಕೆಲಸದವರು, ಅದರಿಂದ ತಮ್ಮ ಹೆಸರು ಕೆಟ್ಟಿತು, ಸಹಿ ಮಾಡಿದವರಿಗೆ ಕೈಶುದ್ಧಿ ಪತ್ರ ಕೊಡುವುದು ನ್ಯಾಯವಲ್ಲ ಎಂದರು. ಆಮೇಲೆ ಇಂಚರ ತನ್ನ ಲೆಕ್ಕ ವಿವರಿಸಿದಳು. ಮೇಸ್ತ್ರಿಗೆ ಏನಾದರೂ ಕೇಳುವುದಿದೆಯೇ ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. ಎದ್ದು ನಿಂತೆ.

ಸುಟ್ಟ ಗರ ಎಲ್ಲೆಲ್ಲಿತ್ತೆಂದು ಹೇಗೆ ತಿಳಿಯಿತು ಎಂದು ಕೇಳಿದೆ. ಸಾಮಾನ್ಯವಾಗಿ ಆರು ಸೆಕೆಂಡಿಗೊಂದು ಗುಂಡಿ, ಗರ ಸುಟ್ಟ ಕಡೆ ಇಪ್ಪತ್ತನಾಲ್ಕು ಸೆಕೆಂಡು ಮೌನವಾಗಿ ಆಮೇಲೆ ಒಂದೇ ಗುಂಡಿ, ಎಂದಳು ಇಂಚರ. ಮೂರು ಸುಟ್ಟವು, ನಾಲ್ಕನೆಯದು ದಾಖಲಾದದ್ದು.

“ಆ ಸಂದೀಲಿ ನಾವು ನೀರು ಕುಡೀತಿರಬೋದಲ್ಲ. ಸೆರಗು ಸರಿ ಮಾಡ್ಕೊತಿರಬೋದು.”

“ಅಂಥ ಬಿಡುವು ಒಂದೊಂದು ಒಂದೊಂದು ಥರ ಇರುತ್ತೆ. ಇವು ಹಾಗಿಲ್ಲ. ಎಲ್ಲವೂ ಇಪ್ಪತ್ತನಾಲ್ಕರ ಆಸುಪಾಸೇ. ನಾಲ್ಕು ವರ್ಷಕ್ಕೆ ಸುಮಾರು ಇಪ್ಪತ್ತೈದು ಸಾವಿರ. ಕವಡೆಯ ಗಣಿತದ ಪ್ರಕಾರ ಎಷ್ಟು ಸಾಲು ಬೀಳಬೇಕೋ ಹೆಚ್ಚುಕಡಿಮೆ ಅಷ್ಟೇ.”

“ಇಪ್ಪತ್ನಾಕು ಹಾಸಲ್ಲೂ?”

“ಎಲ್ಲದರಲ್ಲೂ.”

“ನಮ್ಗೆ ಬೇಕಾದಾಗ ಸುಟ್ಟು, ಬ್ಯಾಡ್ದಾಗ ಬುಟ್ಟಿದ್ರೆ?”

ನಾನು ಎಲ್ಲಿಗೆ ಬರುತ್ತಿದ್ದೇನೆಂದು ಅವಳಿಗೆ ಆಗ ತಿಳಿಯಿತು. ಬುದ್ಧಿವಂತೆ, ಬೇಗ ತಿಳಿಯಿತು. “ಲೆಕ್ಕ ಕೂಡ್ತಿರಲಿಲ್ಲ,” ಎಂದಳು ಮೆಲ್ಲಗೆ.

ನಾನು ಅಧ್ಯಕ್ಷರ ಕಡೆ ತಿರುಗಿದೆ. “ತಾಯಿ, ನಾನು ಓದ್ದೋಳಲ್ಲ. ಕಳ್ರು ಒಂದೇ ಥರ ಕದಿಯಕಿಲ್ಲ. ನಲವತ್ತೆಂಟು ಜನ, ನಾಕು ವರ್ಷ, ಒಬ್ಬಳೂ ಒಂದಿನವೂ ತಪ್ಪದಂಗೆ ಒಂದೇ ಕಟ್ಟು ನಡೆಸ್ಕಂಡು ಬಂದವ್ರೆ. ಅವ್ರು ಹಂಗೆ ನಡೆದಿದ್ಕೇ ಇವ್ಳ ಲೆಕ್ಕ ನಿಂತದೆ. ನಾವು ಕಳ್ರಾದ್ರೆ ಇವ್ಳ ಕುಳಿಗಳೂ ಸುಳ್ಳು. ಇವ್ಳ ಕುಳಿ ನಿಜ ಅಂದ್ರೆ ನಾವು ಕಳ್ರಲ್ಲ. ಎರಡ್ರಲ್ಲಿ ಒಂದು ಬರ್ಕಳಿ.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದವರ ಜೊತೆ ಪಿಸುಗುಟ್ಟಿದರು. ಆಮೇಲೆ ಗಡಿಯಾರದ ಪೆಟ್ಟಿಗೆ ಯಾರು ತರಿಸಿದ್ದು, ಯಾವಾಗ ಎಂದು ಗೋಪಿನಾಥರನ್ನು ಕೇಳಿದರು. ಇಂಚರಳ ಕೋರಿಕೆಯ ಮೇಲೆ, ಮನೆ ಶುರುವಾದ ಎರಡನೆಯ ತಿಂಗಳು ಎಂದರು ಅವರು. ಹೇಳುವಾಗಲೇ ಅವರ ಮುಖ ಬದಲಾಯಿತು. ಅವಳಿಗೆ ಮೊದಲೇ ಗೊತ್ತಿತ್ತೆಂದು ಅಲ್ಲಿಯವರೆಗೆ ಅವರಿಗೂ ಹೊಳೆದಿರಲಿಲ್ಲ.

ನಾನು ಆ ಭಾನುವಾರದ ಮಾತನ್ನು ಹೇಳಿದೆ. ಕೇಳಿದ್ದು, ಅವಳು ಅಂದದ್ದು, ಯಾರಿಗೂ ಹೇಳಬೇಡಿ ಎಂದದ್ದು. ಅಧ್ಯಕ್ಷರು ಇಂಚರಳನ್ನು ಕೇಳಿದರು, ಇದು ನಡೆಯಿತೇ ಎಂದು.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹೌದು ಎನ್ನುತ್ತಾಳೆ ಎಂದೇ ನಂಬಿದ್ದೆ. ನಿಜ ಹೇಳಬೇಕೆಂದರೆ, ಅಷ್ಟೆಲ್ಲ ಆದ ಮೇಲೂ ನಂಬಿದ್ದೆ.

“ಅವರ ಮನೆಗೆ ಎಷ್ಟೋ ಸಲ ಹೋಗಿದೀನಿ,” ಎಂದಳು. “ಆ ಥರ ಮಾತಾದ ನೆನಪಿಲ್ಲ.”

ಯಜಮಾನರು ಹಿಂದಿನ ಸಾಲಿನಲ್ಲಿ ಎದ್ದು ನಿಂತರು. ಗಂಡನ ಸಾಕ್ಷಿ ಲೆಕ್ಕಕ್ಕಿಲ್ಲವೆಂದು ಕೂರಿಸಿದರು.

ಮಧ್ಯಾಹ್ನ ಎಲ್ಲರೂ ಹೊರಗೆ ಬಂದಾಗ ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಅವಳು ನನ್ನ ಬಳಿಗೆ ಬಂದಳು. ಸುತ್ತ ಯಾರೂ ಇರಲಿಲ್ಲ. ಇದ್ದಿದ್ದರೆ ಬರುತ್ತಿರಲಿಲ್ಲ. ಕವಡೆ ಮನೆಗೆ ಬರುವ ಮುಂಚೆ ಬೇರೆ ಕಡೆ ಐದು ವರ್ಷ ದುಡಿದಿದ್ದಳಂತೆ, ಎರಡು ಸಲ ಅವಳ ಕೆಲಸ ಹಿರಿಯರ ಹೆಸರಿನಲ್ಲಿ ಅಚ್ಚಾಗಿತ್ತಂತೆ. ಗೋಪಿನಾಥರಿಗೆ ಹೇಳಿದ್ದರೆ ಇದೂ ಹಾಗೇ ಆಗುತ್ತಿತ್ತು, ಇದೊಂದಾದರೂ ನನ್ನದಾಗಿರಲಿ ಅನಿಸಿತು ಎಂದಳು. ಇದು ಸುಳ್ಳಲ್ಲವೆಂದು ನನಗೆ ಗೊತ್ತಾಯಿತು. ಕಷ್ಟಪಟ್ಟವಳ ಮಾತು ಬೇರೆ ಥರ ಇರುತ್ತದೆ.

“ಕಳ್ಳರು ಅಂತ ನಾನೆಲ್ಲೂ ಬರೀಲಿಲ್ಲ ತಾಯಮ್ಮಕ್ಕ.”

“ಬರೀಲಿಲ್ಲ. ಬರೆದೋರ್ನ ತಡೀಲೂ ಇಲ್ಲ.”

“ಒಳಗೆ ಹೌದು ಅಂದಿದ್ರೆ ನನ್ನ ಕೆಲಸ ಹೋಗ್ತಿತ್ತು. ಉಪಗ್ರಹ ನಿಂತುಹೋಗ್ತಿತ್ತು.”

“ಗೊತ್ತು ಕಣವ್ವ. ನಿನ್ ಹತ್ರ ಇದ್ದಿದ್ದು ಒಂದು ಕೆಲ್ಸ. ನನ್ ಹತ್ರ ನಲವತ್ತೆಂಟು ಜನರ ಹೆಸ್ರಿತ್ತು. ನೀನು ತೂಗಿ ನೋಡ್ದೆ. ತೂಗಬಾರದಿತ್ತು ಅಂತ ನಾನು ಹೇಳಲ್ಲ. ನನ್ನನ್ನ ಒಂದು ಮಾತು ಕೇಳಿದ್ರೆ, ನಿನ್ನ ಹೆಸ್ರಲ್ಲೇ ಬರಲಿ ಅಂತ ನಾವೇ ಬಾಯಿ ಮುಚ್ಕಂಡಿರ್ತಿದ್ವಿ. ಅಷ್ಟು ನಂಬಿಕೆ ನಿನಗೆ ನಮ್ಮ ಮ್ಯಾಲೆ ಬರಲಿಲ್ಲವಲ್ಲ, ಅದು.”

ನಾನು ಕೊಡದಲ್ಲಿ ನೀರು ಹಿಡಿದು ಒಳಗೆ ಹೋದೆ. ನಲವತ್ತೇಳು ಮಂದಿಗೆ ಬಾಯಾರಿತ್ತು.

ತೀರ್ಪು ಮೂರು ವಾರಕ್ಕೆ ಬಂತು. ಕೆಲಸದವರು ವಂಚಿಸಿಲ್ಲ, ರೂಢಿಯ ಕಟ್ಟೊಂದನ್ನು ಪ್ರಾಮಾಣಿಕವಾಗಿ, ಏಕರೀತಿಯಲ್ಲಿ ಪಾಲಿಸಿದ್ದಾರೆ, ಅವರ ಪ್ರಾಮಾಣಿಕತೆಗೆ ಲೇಖಕಿಯ ಫಲಿತಾಂಶವೇ ಪುರಾವೆ. ನಲವತ್ತೇಳು ಮಂದಿಗೆ ಕೈಶುದ್ಧಿ ಪತ್ರ ಕೊಡತಕ್ಕದ್ದು. ಮೇಸ್ತ್ರಿಗೆ ಲಿಖಿತ ನಿಯಮದ ಅರಿವಿತ್ತು. ಕಟ್ಟಿನ ವಿಷಯವನ್ನು ಮೇಲಿನವರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದಾಗಿ ಹೇಳುತ್ತಾರೆ, ದಾಖಲೆಯಿಲ್ಲ. ಅವರ ಪತ್ರವನ್ನು ತಡೆಹಿಡಿಯಲಾಗಿದೆ. ಇಂಚರಳ ಬಗ್ಗೆ ಒಂದೇ ಸಾಲು: ಗಡಿಯಾರದ ಪೆಟ್ಟಿಗೆಗಳ ದಿನಾಂಕವನ್ನು ಸಮಿತಿ ಗಮನಿಸಿದೆ. ಗಮನಿಸಿದ ಮೇಲೆ ಏನು ಮಾಡಬೇಕೆಂದು ಬರೆದಿರಲಿಲ್ಲ.

ತೀರ್ಪನ್ನು ಜರೀನಾ ನಮ್ಮ ಅಂಗಳದಲ್ಲಿ ಎರಡು ಸಲ ಓದಿದಳು. ಎರಡನೆಯ ಸಲ ನನ್ನ ಸಾಲಿಗೆ ಬಂದಾಗ ನಿಲ್ಲಿಸಿದಳು. ನಿಮಗಿಲ್ಲದ ಪತ್ರ ನಮಗೂ ಬೇಡ, ವಾಪಸು ಕೊಡೋಣ ಎಂದರು ಕೆಲವರು. ಬೈದೆ. ಹಟಕ್ಕೆ ಬಿದ್ದು ಅನ್ನ ಬಿಡುವುದು ಉಂಡು ತುಂಬಿದವರ ಆಟ ಎಂದೆ. ಮುಂದಿನ ಸೋಮವಾರವೇ ಜರೀನಾಳನ್ನು ಮೈಸೂರಿನ ಬಸ್ಸಿಗೆ ಹತ್ತಿಸಿದವರು ನಮ್ಮ ಯಜಮಾನರು. ಯಾವ ಸೀಟಿನಲ್ಲಿ ಕೂತರೆ ಕುಲುಕಾಟ ಕಡಿಮೆ ಎಂದೂ ಹೇಳಿಕೊಟ್ಟು ಬಂದರು.

ಉಪಗ್ರಹ ಹಾರಿ ಎರಡು ವರ್ಷವಾಯಿತು. ಇದುವರೆಗೆ ಹನ್ನೊಂದು ಕುಳಿಗಳ ಸುಳಿವು ಸಿಕ್ಕಿದೆಯಂತೆ, ಅವುಗಳ ತೂಕವೂ ನಮ್ಮ ಜರಡಿಗಳು ಹೇಳಿದ ಕಡೆಗೇ ಬಂದಿದೆಯಂತೆ. ಗೋಪಿನಾಥರು ಕೆಲಸ ಬಿಟ್ಟರು. ಇಂಚರ ಈಗ ಉತ್ತರದ ಆ ಸಂಸ್ಥೆಯ ಮುಖ್ಯಸ್ಥೆ. ಎರಡು ಸಲ ಫೋನು ಮಾಡಿದ್ದಳು, ನಾನು ತೆಗೆಯಲಿಲ್ಲ. ಮೂರನೆಯ ಸಲ ಮಾಡಲಿಲ್ಲ.

ನಲವತ್ತೇಳು ಹೆಂಗಸರ ಹೆಸರು ಉಳಿಯಿತು, ಅವರಲ್ಲಿ ಮೂವತ್ತೊಂಬತ್ತು ಮಂದಿಗೆ ಕೆಲಸವಿದೆ. ಪ್ರಪಂಚಕ್ಕೆ ಹನ್ನೊಂದು ಕಪ್ಪುಕುಳಿಗಳು ಸಿಕ್ಕಿವೆ. ನನಗೆ ಮತ್ತೆ ಕವಡೆ ಹಿಡಿಯುವ ಅವಕಾಶವಿಲ್ಲ, ಭುಜಕ್ಕೆ ಅದು ಒಳ್ಳೆಯದೇ ಆಯಿತು. ಮೊದಲು ನಮ್ಮ ಮನೆಗೆ ಊಟಕ್ಕೆ ಬಂದವರ ಜೊತೆ ಕೈ ಆರುವವರೆಗೂ ಕೂತು ಎಲ್ಲ ಮಾತಾಡುತ್ತಿದ್ದೆ. ಈಗ ಬಡಿಸುತ್ತೇನೆ, ಇನ್ನಷ್ಟು ಹಾಕಲೇ ಎಂದು ಕೇಳುತ್ತೇನೆ, ಸುಮ್ಮನಿರುತ್ತೇನೆ. ಕಳೆದುಕೊಂಡದ್ದು ಅದು.